ಫಿಕ್ಸೆಡ್, ಫ್ಲೋಟಿಂಗ್, ಓವರ್‌ಡ್ರಾಫ್ಟ್: ಮೂರೂ ಬಗೆಯ ಮನೆಸಾಲ ಕಟ್ಟಿ ನೋಡಿದ ಮೇಲೆ

ಮನೆಸಾಲದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು "ಬಡ್ಡಿ ಎಷ್ಟು?" ಅಂತ. ಕೇಳಬೇಕಾದ್ದೇ. ಆದರೆ ಮೂರು ಬಗೆಯ ಸಾಲ ಕಟ್ಟಿ, ಇನ್ನೆರಡು ಬಗೆಯನ್ನು ಮನೆಯವರ ಕಾಗದಪತ್ರ ಹರಡಿಕೊಂಡು ನೋಡಿದ ಮೇಲೆ, ದರ ಕೇಳುವುದಕ್ಕೂ ಮುಂಚೆ ನಾನು ಎರಡು ಸಂಗತಿ ವಿಚಾರಿಸುತ್ತೇನೆ. ನಾಳೆ ಬಡ್ಡಿ ಏರಿದರೆ ಆ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ? ಕೈಗೆ ನಾಲ್ಕು ಕಾಸು ಹೆಚ್ಚು ಬಂದಾಗ ಸಾಲಕ್ಕೆ ಹಾಕಿ, ಬೇಕಾದಾಗ ಹಿಂದೆ ತೆಗೆಯುವ ದಾರಿ ಇದೆಯೇ? ಒಂದು ಸಾಲಕ್ಕೂ ಇನ್ನೊಂದಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಎರಡರ ಉತ್ತರದಲ್ಲೇ ಸಿಗುತ್ತದೆ. ಕಾಲು ಪರ್ಸೆಂಟ್ ಆಚೀಚೆ ಆಮೇಲಿನ ಮಾತು.

ಹೋಲಿಸಲು ಒಂದು ಅಳತೆ ಬೇಕು. ಇಲ್ಲಿ ಎಲ್ಲ ಕಡೆ ಒಂದು ಲಕ್ಷ ಸಾಲ, 20 ವರ್ಷ, ಶೇ. 8 ಬಡ್ಡಿ ಎಂದು ಹಿಡಿದಿದ್ದೇನೆ. ನಿಮ್ಮ ಸಾಲ ಎಷ್ಟು ಲಕ್ಷವೋ ಅಷ್ಟರಿಂದ ಗುಣಿಸಿಕೊಳ್ಳಿ. ಕಂತು ತಿಂಗಳಿಗೆ 836. ಮೊದಲ ಕಂತಿನಲ್ಲಿ 667 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 169 ಚಿಲ್ಲರೆ. ಒಂದು ಕಂತೂ ತಪ್ಪದೆ ಹತ್ತು ವರ್ಷ ಕಟ್ಟಿದರೂ ಇನ್ನೂ ಸುಮಾರು 69,000 ಅಸಲು ಬಾಕಿ. ಅರ್ಧ ಅವಧಿ ಮುಗಿದಿರುತ್ತದೆ, ಮೂರನೇ ಒಂದು ಭಾಗದಷ್ಟು ಸಾಲವೂ ತೀರಿರುವುದಿಲ್ಲ. 20 ವರ್ಷಕ್ಕೆ ಬಡ್ಡಿಯೇ ಒಂದು ಲಕ್ಷ ದಾಟುತ್ತದೆ. ಮೊದಲ ವರ್ಷಗಳಲ್ಲಿ ಅಸಲಿಗೆ ಸೇರುವ ಒಂದೊಂದು ಪುಡಿಗಾಸಿಗೂ ಎಷ್ಟು ಬೆಲೆ ಎಂಬುದು ಈ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಸಾಲ ಮಾಡುವವರು ಸಹಿ ಹಾಕುವ ಮುಂಚೆ ತಿಂಗಳುವಾರು ಬಡ್ಡಿ–ಅಸಲು ಪಟ್ಟಿಯನ್ನು ಬ್ಯಾಂಕಿನಿಂದ ಕೇಳಿ ಪಡೆಯಲೇಬೇಕು.

ನಾವು ಮೊದಲು ತೆಗೆದುಕೊಂಡದ್ದು ಫಿಕ್ಸೆಡ್. ಆ ಹೊತ್ತಿಗೆ ಮನೆಗೆ ಬರುತ್ತಿದ್ದುದು ನನ್ನ ಸಂಬಳ ಒಂದೇ, ನಮ್ಮವರು ಸ್ವಂತ ಕೆಲಸ ಆಗಷ್ಟೇ ಶುರು ಮಾಡಿದ್ದರು. ಪ್ರತಿ ತಿಂಗಳೂ ಇಷ್ಟೇ ಹೋಗುತ್ತದೆ ಎಂಬ ಖಾತ್ರಿ ನಮಗೆ ಬೇಕಿತ್ತು. ಪೇಟೆಯ ಬಡ್ಡಿಯ ಜೊತೆ ದರ ಏರಿಳಿಯುವ ಫ್ಲೋಟಿಂಗ್‌ಗಿಂತ ಒಂದೂವರೆ ಪರ್ಸೆಂಟ್ ದುಬಾರಿ. ಆದರೂ ಆ ನೆಮ್ಮದಿಗೆ ಆ ಬೆಲೆ ಸರಿಯೆಂದೇ ಇವತ್ತಿಗೂ ನನ್ನ ಅಭಿಪ್ರಾಯ. ಪೇಪರಿನಲ್ಲಿ ಬಡ್ಡಿ ಏರಿದ ಸುದ್ದಿ ಬಂದರೆ ಪುಟ ತಿರುಗಿಸಿಬಿಡುತ್ತಿದ್ದೆ.

ಫಿಕ್ಸೆಡ್‌ನಲ್ಲಿ ಕಣ್ಣಿಟ್ಟು ನೋಡಬೇಕಾದ ಜಾಗ ಸ್ಯಾಂಕ್ಷನ್ ಲೆಟರಿನ ಒಳಪುಟ. ನಾವು ಮೊದಲು ವಿಚಾರಿಸಿದ ಬ್ಯಾಂಕಿನ ಪತ್ರದ ಮೊದಲ ಪುಟದಲ್ಲಿ "ಸ್ಥಿರ ಬಡ್ಡಿ ದರ" ಎಂದು ದಪ್ಪ ಅಕ್ಷರದಲ್ಲಿತ್ತು. ನಾಲ್ಕನೇ ಪುಟದ ಸಣ್ಣ ಅಕ್ಷರದಲ್ಲಿ, ಮೂರು ವರ್ಷಕ್ಕೊಮ್ಮೆ ದರ ಪರಿಷ್ಕರಿಸುವ ಹಕ್ಕು ಬ್ಯಾಂಕಿಗಿದೆ ಎಂದಿತ್ತು. "ಇದು ಹೇಗೆ ಸ್ಥಿರ ಆಗುತ್ತೆ ಸರ್?" ಎಂದು ಕೇಳಿದರೆ "ಎಲ್ಲರಿಗೂ ಇದೇ ಫಾರ್ಮ್ಯಾಟ್ ಮೇಡಂ" ಎಂಬ ಉತ್ತರ. ಅಲ್ಲಿ ಸಹಿ ಹಾಕಲಿಲ್ಲ. ಕೊನೆಯ ಕಂತಿನವರೆಗೂ ದರ ಬದಲಾಗದು ಎಂದು ಬರೆದುಕೊಡುವ ಇನ್ನೊಂದು ಬ್ಯಾಂಕ್ ಹುಡುಕಿದೆವು.

ಇಂಥ ಸಾಲ ಎಲ್ಲ ದೇಶಗಳಲ್ಲೂ ಸುಲಭವಾಗಿ ಸಿಗದಿರುವುದಕ್ಕೆ ಕಾರಣವಿದೆ. ಬ್ಯಾಂಕಿಗೆ ಬರುವ ಠೇವಣಿ ಹೆಚ್ಚಾಗಿ ಒಂದೆರಡು ವರ್ಷದ್ದು, ಕೊಡುವ ಸಾಲ ಇಪ್ಪತ್ತು ವರ್ಷದ್ದು. ನಡುವೆ ಠೇವಣಿ ಬಡ್ಡಿ ಏರಿದರೆ ನಷ್ಟ ಬ್ಯಾಂಕಿನದು, ಅದಕ್ಕೇ ಹೆಚ್ಚು ದರ. ಅಮೆರಿಕದಲ್ಲಿ 30 ವರ್ಷವೂ ಒಂದೇ ದರದ ಸಾಲ ಸಾಮಾನ್ಯವಾಗಿರುವುದು, ಅಲ್ಲಿ 1938ರಲ್ಲಿ ಹುಟ್ಟಿದ ಫ್ಯಾನಿ ಮೇ, 1970ರಲ್ಲಿ ಬಂದ ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ಆ ಸಾಲಗಳನ್ನು ಕೊಂಡು, ಬಾಂಡ್, ಅಂದರೆ ಬಡ್ಡಿ ಕೊಡುವ ಸಾಲಪತ್ರ, ಮಾಡಿ ಹೂಡಿಕೆದಾರರಿಗೆ ಮಾರುವುದರಿಂದ. ಆ 30 ವರ್ಷದ ಸಾಲದ ಸರಾಸರಿ ದರ 2021ರ ಜನವರಿಯಲ್ಲಿ ಶೇ. 2.65ಕ್ಕೆ ಇಳಿದಿತ್ತು, 2023ರ ಅಕ್ಟೋಬರ್‌ನಲ್ಲಿ ಶೇ. 7.79 ಮುಟ್ಟಿತು. ಕಡಿಮೆ ದರ ಕಟ್ಟಿಕೊಂಡವರು ಆ ಸಾಲ ಬಿಟ್ಟುಕೊಡಲು ಮನಸ್ಸಾಗದೆ ಮನೆ ಮಾರುವುದನ್ನೇ ಮುಂದೂಡಿದರು. ಒಳ್ಳೆಯ ಹೊತ್ತಿನಲ್ಲಿ ಸಿಕ್ಕ ಫಿಕ್ಸೆಡ್ ಅಂದರೆ ಅದೊಂದು ಆಸ್ತಿಯೇ.

ನಮ್ಮದು ಅಂಥ ಹೊತ್ತಿನದಾಗಿರಲಿಲ್ಲ. ಪೇಟೆಯಲ್ಲಿ ಬಡ್ಡಿ ಇಳಿಯುತ್ತ ಹೋಯಿತು, ನಮ್ಮದು ಇದ್ದಲ್ಲೇ ಇತ್ತು. ಜೊತೆಗೆ ಅವಧಿಗೆ ಮುಂಚೆ ಅಸಲು ಕಟ್ಟಿದರೆ ಬಾಕಿಯ ಶೇ. 2 ದಂಡ. ಇದನ್ನು ಅನ್ಯಾಯ ಎನ್ನಲಾರೆ: ನನಗೆ ದರದ ಭರವಸೆ ಕೊಟ್ಟ ಬ್ಯಾಂಕ್ ಬಡ್ಡಿಯ ಆದಾಯವನ್ನೂ ನೆಚ್ಚಿಕೊಂಡಿರುತ್ತದೆ. ಜರ್ಮನಿಯಲ್ಲೂ ಈ ಪರಿಹಾರ ಕೊಡಬೇಕು, ಹತ್ತು ವರ್ಷ ಕಳೆದ ಮೇಲೆ ಮಾತ್ರ ದಂಡವಿಲ್ಲದೆ ಬಿಡಿಸಿಕೊಳ್ಳುವ ಹಕ್ಕು ಸಾಲಗಾರರಿಗಿದೆ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದು ಡೆನ್ಮಾರ್ಕಿನ ಪದ್ಧತಿ. ಅಲ್ಲಿ ಸಾಲಕ್ಕೆ ಸರಿಸಮನಾದ ಬಾಂಡ್ ಇರುತ್ತದೆ. ಪೇಟೆಯಲ್ಲಿ ಬಡ್ಡಿ ಏರಿ ಬಾಂಡಿನ ಬೆಲೆ ಬಿದ್ದರೆ, ಸಾಲಗಾರರು ಅದೇ ಬಾಂಡನ್ನು ಅಗ್ಗಕ್ಕೆ ಕೊಂಡು ಒಪ್ಪಿಸಿ ಸಾಲ ತೀರಿಸಬಹುದು. ಇಂಥದ್ದು ಎಲ್ಲ ಕಡೆ ಇದ್ದಿದ್ದರೆ!

ಶೇ. 2 ದಂಡವನ್ನೂ, ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀಯನ್ನೂ ಕೂಡಿಸಿ, ಬಡ್ಡಿಯ ಉಳಿತಾಯದಿಂದ ಅದು ಯಾವಾಗ ವಸೂಲಾಗುತ್ತದೆ ಎಂದು ಲೆಕ್ಕ ಹಾಕಿದೆವು. ಅವಧಿ ಬಹಳ ಬಾಕಿ ಇದ್ದುದರಿಂದ ಗಿಟ್ಟುವಂತೆ ಕಂಡಿತು. ಫ್ಲೋಟಿಂಗ್‌ಗೆ ಬದಲಾಯಿಸಿದೆವು.

ಫ್ಲೋಟಿಂಗ್‌ನಲ್ಲಿ ದರಕ್ಕೆ ಎರಡು ತುಂಡು. ಒಂದು ಆಧಾರ ದರ, ಅದರ ಮೇಲೆ ಬ್ಯಾಂಕ್ ಸೇರಿಸುವ ಅಂತರ, ಅಂದರೆ ಸ್ಪ್ರೆಡ್. ಆಧಾರ ದರ ಬ್ಯಾಂಕಿನದೇ ಆಗಿದ್ದರೆ ಏರುವಾಗ ಬೇಗ ಏರಿ ಇಳಿಯುವಾಗ ಕಾಲೆಳೆಯುತ್ತದೆ ಎಂಬ ದೂರು ಹಳೆಯದು. ಭಾರತದಲ್ಲಿ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ಬ್ಯಾಂಕುಗಳು ರೆಪೋದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರ) ಹೊರಗಿನ ದರಕ್ಕೇ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕ್ 2019ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದ್ದು ಇದಕ್ಕೇ. ಸ್ಪ್ರೆಡ್ ಯಾವಾಗ ಬದಲಾಗಬಹುದು ಎಂಬುದನ್ನೂ ಬರಹದಲ್ಲಿ ಕೇಳಿ. ಸಾಲದ ಉದ್ದಕ್ಕೂ ನಿಮ್ಮ ಜೊತೆಗಿರುವುದು ಅದು.

ಇನ್ನು ಫ್ಲೋಟಿಂಗ್‌ನ ನಿಜವಾದ ಅಪಾಯ. ಅದು ಕಂತಿನಲ್ಲಿ ಕಾಣಿಸುವುದಿಲ್ಲ. ಒಂದು ಸಲ ದರ ಏರಿದಾಗ ಬ್ಯಾಂಕಿಗೆ ಫೋನ್ ಮಾಡಿದೆ. "ನಿಮ್ಮ ಇಎಂಐ ಏನೂ ಬದಲಾಗಿಲ್ಲ ಮೇಡಂ, ಅದೇ ಇದೆ" ಎಂದರು. ನಿಜ, ಕಂತು ಹಾಗೇ ಇತ್ತು. ಸ್ಟೇಟ್‌ಮೆಂಟ್ ತೆಗೆಸಿ ನೋಡಿದೆ. ಎಡಗಡೆ ಕಂತಿನ ಸಾಲಿನಲ್ಲಿ ಎಲ್ಲ ತಿಂಗಳೂ ಅದೇ ಸಂಖ್ಯೆ, ಪಕ್ಕದ ಅಸಲಿನ ಸಾಲಿನಲ್ಲಿ ಮಾತ್ರ ತಿಂಗಳಿಂದ ತಿಂಗಳಿಗೆ ಏರಬೇಕಾದ ಸಂಖ್ಯೆ ಒಮ್ಮೆಗೇ ಅರ್ಧಕ್ಕೆ ಕುಸಿದಿತ್ತು. ಕೆಳಗೆ ಮೂಲೆಯಲ್ಲಿ "ಬಾಕಿ ಕಂತುಗಳು" ಎಂಬಲ್ಲಿ ವರ್ಷಗಟ್ಟಲೆ ಸೇರಿಕೊಂಡಿತ್ತು.

ನಮ್ಮ ಅಳತೆಯ ಸಾಲದಲ್ಲೇ ಇದನ್ನು ನೋಡಿ. ಶುರುವಿನಲ್ಲೇ ದರ ಶೇ. 8ರಿಂದ 9ಕ್ಕೆ ಏರಿತು, ಕಂತು 836ರಲ್ಲೇ ಉಳಿಯಿತು ಎನ್ನೋಣ. 240 ತಿಂಗಳ ಸಾಲ 304 ತಿಂಗಳಾಗುತ್ತದೆ. ಐದು ವರ್ಷಕ್ಕೂ ಹೆಚ್ಚು! ದರ ಶೇ. 10 ಆದರೆ ಅದೇ ಕಂತಿನಲ್ಲಿ ಸಾಲ ತೀರಲು 56 ವರ್ಷ ಬೇಕು, ಯಾಕೆಂದರೆ ಬಡ್ಡಿಯೇ 833, ಅಸಲಿಗೆ ಉಳಿಯುವುದು ಮೂರು. ಅದಕ್ಕಿಂತ ಚೂರು ಏರಿದರೂ ಸಾಲ ಎಂದಿಗೂ ತೀರುವುದಿಲ್ಲ, ಬೆಳೆಯುತ್ತದೆ. ಭಾರತದಲ್ಲಿ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ದರ ಶೇ. 4ರಿಂದ 6.5ಕ್ಕೆ ಹೋಗಿದ್ದನ್ನು ನೆನೆದರೆ, ಇದು ಬರೀ ಕಾಗದದ ಮೇಲಿನ ಹೆದರಿಕೆ ಅಲ್ಲ ಎಂಬುದು ತಿಳಿಯುತ್ತದೆ.

ಶೇ. 9 ಆದಾಗ ಕಂತನ್ನು 836ರಿಂದ 900ಕ್ಕೆ ಏರಿಸಿಕೊಂಡರೆ ಸಾಲ ಅದೇ 20 ವರ್ಷಕ್ಕೆ ಮುಗಿಯುತ್ತದೆ. ಈಗ ತಿಂಗಳಿಗೆ 63 ಚಿಲ್ಲರೆ ಉಳಿಸಿಕೊಂಡರೆ, ಕೊನೆಗೆ ಒಟ್ಟು 38,000ದಷ್ಟು ಹೆಚ್ಚು ತೆರಬೇಕಾಗುತ್ತದೆ. ನಾವು ಆಗ ಕಂತು ಏರಿಸಿಕೊಂಡೆವು. ಫ್ಲೋಟಿಂಗ್‌ನ ದೊಡ್ಡ ಒಳ್ಳೆಯ ಗುಣವೆಂದರೆ ಮುಂಗಡ ಪಾವತಿಗೆ ಅಡ್ಡಿಯಿಲ್ಲದಿರುವುದು. ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲಕ್ಕೆ ಮುಂಗಡ ತೀರುವಳಿ ದಂಡ ಹಾಕಬಾರದೆಂದು 2012ರಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತು. ಇದರ ಪೂರ್ತಿ ಲಾಭ ಪಡೆದೆವು. ಆದರೆ ಹಾಕಿದ ಹಣ ಹಾಕಿದ ಹಾಗೇ, ವಾಪಸ್ ಬೇಕೆಂದರೆ ಟಾಪ್-ಅಪ್ ಸಾಲಕ್ಕೆ ಮತ್ತೆ ಅರ್ಜಿ, ಮತ್ತೆ ದಾಖಲೆ.

ನಮ್ಮವರ ಕೆಲಸದಲ್ಲಿ ಹಣ ಬರುವುದು ಒಟ್ಟೊಟ್ಟಿಗೆ. ಮೂರು ತಿಂಗಳು ಏನೂ ಇಲ್ಲ, ನಾಲ್ಕನೇ ತಿಂಗಳು ದೊಡ್ಡ ಮೊತ್ತ. ಆ ಮೊತ್ತವನ್ನು ಸಾಲಕ್ಕೆ ಹಾಕಿದರೆ ಮುಂದಿನ ಕೆಲಸಕ್ಕೆ ಬಂಡವಾಳ ಇರುವುದಿಲ್ಲ, ಉಳಿತಾಯ ಖಾತೆಯಲ್ಲಿಟ್ಟರೆ ಸಾಲದ ಬಡ್ಡಿಯ ಅರ್ಧವೂ ಹುಟ್ಟುವುದಿಲ್ಲ. ಎರಡನೇ ಮನೆಗೆ ಹೋಗುವಾಗ ಓವರ್‌ಡ್ರಾಫ್ಟ್ ಬಗೆಯ ಸಾಲ ತೆಗೆದುಕೊಂಡದ್ದು ಇದೇ ಕಾರಣಕ್ಕೆ. ಸಾಲಕ್ಕೆ ಒಂದು ಖಾತೆ ಜೋಡಿಸಿರುತ್ತಾರೆ. ಅದರಲ್ಲಿ ಎಷ್ಟು ಹಣ ಇದೆಯೋ ಅಷ್ಟನ್ನು ಬಾಕಿಯಿಂದ ಕಳೆದು, ಉಳಿದದ್ದಕ್ಕೆ ಮಾತ್ರ ದಿನದ ಲೆಕ್ಕದಲ್ಲಿ ಬಡ್ಡಿ. ಹಣ ಮಾತ್ರ ನಮ್ಮದೇ, ಬೇಕಾದ ದಿನ ತೆಗೆಯಬಹುದು. ಆಸ್ಟ್ರೇಲಿಯಾದಲ್ಲಿ ಇಂಥದ್ದೇ ಆಫ್‌ಸೆಟ್ ಖಾತೆ ಬಹಳ ಬಳಕೆಯಲ್ಲಿದೆ. ಅಲ್ಲಿ ರೀಡ್ರಾ ಎಂಬ ಇನ್ನೊಂದು ಬಗೆಯೂ ಇದೆ. ರೀಡ್ರಾದಲ್ಲಿ ಹಾಕಿದ ಹಣ ಸಾಲದ ಮರುಪಾವತಿಯೇ ಆಗಿಬಿಡುವುದರಿಂದ ಹಿಂದೆ ಪಡೆಯಲು ಬ್ಯಾಂಕ್ ಷರತ್ತು ಹಾಕಬಹುದು.

ಒಂದು ಲಕ್ಷದ ಸಾಲದಲ್ಲಿ ಸದಾ 10,000 ಈ ಖಾತೆಯಲ್ಲಿ ಕೂತಿದ್ದರೆ, ಅದೇ 836ರ ಕಂತಿನಲ್ಲಿ ಸುಮಾರು 190 ತಿಂಗಳಿಗೆ ಬಾಕಿ 10,000ಕ್ಕೆ ಇಳಿಯುತ್ತದೆ, ಖಾತೆಯ ಹಣದಿಂದಲೇ ಅದನ್ನು ತೀರಿಸಬಹುದು. ನಾಲ್ಕು ವರ್ಷಕ್ಕೂ ಹೆಚ್ಚು ಉಳಿತಾಯ, ಬಡ್ಡಿಯಲ್ಲಿ 31,000ಕ್ಕೂ ಮಿಕ್ಕಿ ಕಡಿಮೆ. ಇದಕ್ಕೆ ಬ್ಯಾಂಕ್ ದರ ಹೆಚ್ಚು ಕೇಳುತ್ತದೆ. ಕಾಲು ಪರ್ಸೆಂಟ್ ಹೆಚ್ಚು ಎಂದರೆ ಲಕ್ಷಕ್ಕೆ ವರ್ಷಕ್ಕೆ 250. ಸಾಲದ ಶೇ. 3ರಷ್ಟು ಹಣ ಯಾವಾಗಲೂ ಖಾತೆಯಲ್ಲಿದ್ದರೆ ಅದು ಸರಿದೂಗುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ ಲಾಭ. ತಿಂಗಳ ಕೊನೆಗೆ ಖಾತೆ ಬರಿದಾಗುವ ಮನೆಗೆ ಈ ಸಾಲ ದಂಡ, ಸುಮ್ಮನೆ ಹೆಚ್ಚು ಬಡ್ಡಿ ಕಟ್ಟಿದ ಹಾಗೆ. ಕೈಗೆ ಸಿಗುವ ಹಣ ಎಂದು ಖರ್ಚು ಮಾಡುವ ಅಭ್ಯಾಸವಿದ್ದರಂತೂ ಬೇಡವೇ ಬೇಡ. ನಮ್ಮ ಪಾಲಿಗೆ ಮಾತ್ರ ಮೂರರಲ್ಲಿ ಇದೇ ಶ್ರೇಷ್ಠ, ಎರಡು ಮಾತಿಲ್ಲ.

ಬಡ್ಡಿ ಮಾತ್ರ ಕಟ್ಟುವ ಸಾಲವನ್ನು ಚಿಕ್ಕಪ್ಪನ ಮಗ ಮಾಡಿದ್ದ. ಐದು ವರ್ಷ ಬರೀ 667, ಆಮೇಲೆ ಉಳಿದ 15 ವರ್ಷಕ್ಕೆ ಅಸಲು ಸೇರಿ 956. ಒಂದೇ ಏಟಿಗೆ ಶೇ. 43 ಏರಿಕೆ. ಅವನು ಮನೆ ಮಾರುವ ಉದ್ದೇಶದಿಂದಲೇ ಕೊಂಡಿದ್ದ, ಮಾರಿದ, ಸರಿಹೋಯಿತು. ವಾಸಕ್ಕೆ ಕೊಳ್ಳುವವರಿಗೆ ಇದನ್ನು ನಾನು ಹೇಳುವುದಿಲ್ಲ. ಬಡ್ಡಿ ಕಡಿಮೆ ಎಂದು ಬೇರೆ ದೇಶದ ಕರೆನ್ಸಿಯಲ್ಲಿ ಸಾಲ ಮಾಡುವುದಂತೂ ಇನ್ನೂ ಅಪಾಯ. ಪೋಲೆಂಡಿನಲ್ಲಿ ಸ್ವಿಸ್ ಫ್ರಾಂಕ್‌ನಲ್ಲಿ ಮನೆಸಾಲ ಮಾಡಿದವರ ಬಾಕಿ 2015ರ ಜನವರಿ 15ರಂದು, ಸ್ವಿಸ್ ಕೇಂದ್ರ ಬ್ಯಾಂಕ್ ವಿನಿಮಯ ದರದ ಮಿತಿ ತೆಗೆದು ಫ್ರಾಂಕ್ ದುಬಾರಿಯಾದ ಒಂದೇ ದಿನದಲ್ಲಿ ಏರಿಹೋಯಿತು.

ಅಕ್ಕ–ಭಾವನದು ಹೈಬ್ರಿಡ್: ಮೊದಲ ಮೂರು ವರ್ಷ ಕಡಿಮೆ ಸ್ಥಿರ ದರ, ಮುಂದೆ ಫ್ಲೋಟಿಂಗ್. ಅಮೆರಿಕದಲ್ಲಿ 2007ರ ಬಿಕ್ಕಟ್ಟಿಗೆ ಮುಂಚೆ ಎರಡು ವರ್ಷ ಸ್ಥಿರ, 28 ವರ್ಷ ಬದಲಾಗುವ ದರದ ಸಾಲಗಳನ್ನು ತಾಕತ್ತಿಲ್ಲದವರಿಗೂ ಹಂಚಿದ್ದು ಇದೇ ಜಾತಿಯದು. ಮೊದಲ ಕಂತು ನೋಡಿ ಮನೆ ಆರಿಸಿದರೆ ಕಷ್ಟ. ಶೇ. 7ರಲ್ಲಿ 775 ಕಟ್ಟುತ್ತಿದ್ದವರು ಮೂರು ವರ್ಷದ ಬಳಿಕ ಶೇ. 9.5 ಆದರೆ 914 ಕಟ್ಟಬೇಕು. ಅಕ್ಕ ಬುದ್ಧಿವಂತೆ, ಮೊದಲ ತಿಂಗಳಿಂದಲೇ 914ರ ಲೆಕ್ಕದಲ್ಲಿ ಮನೆ ನಡೆಸಿ, ಕಂತು ಕಟ್ಟಿ ಮಿಕ್ಕದ್ದನ್ನು ಆರ್‌ಡಿಗೆ ಹಾಕುತ್ತ ಬಂದಿದ್ದಾಳೆ.

ಅವಳ ಸ್ಥಿರ ಅವಧಿ ಈಗ ಮುಗಿಯುತ್ತ ಬಂದಿದೆ. ಇಬ್ಬರಿಗೂ ತಿಂಗಳ ಸಂಬಳ, ಆರ್‌ಡಿ ಬಿಟ್ಟರೆ ಕೈಯಲ್ಲಿ ಬೇರೆ ಉಳಿಕೆ ಇಲ್ಲ, ಆದ್ದರಿಂದ ಓವರ್‌ಡ್ರಾಫ್ಟ್ ಅವಳಿಗೆ ಹೊಂದುವುದಿಲ್ಲ. ಫ್ಲೋಟಿಂಗ್‌ನಲ್ಲೇ ಮುಂದುವರಿ, ಆರ್‌ಡಿ ಹಣವನ್ನು ಅಸಲಿಗೆ ಹಾಕು ಎಂದಿದ್ದೇನೆ. ದರ ಮರುಹೊಂದಿಸುವಾಗ ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಮೊನ್ನೆ ಇಬ್ಬರೂ ಕೂತು ಅವಳ ಬ್ಯಾಂಕಿಗೆ ಅರ್ಜಿ ಬರೆದೆವು: ದರ ಏರಿದಾಗಲೆಲ್ಲ ನಮ್ಮ ಕಂತನ್ನು ಏರಿಸಿ, ಅವಧಿಯನ್ನು ಮುಟ್ಟಬೇಡಿ, ಈ ಪತ್ರ ತಲುಪಿದ್ದಕ್ಕೆ ಸೀಲು ಹಾಕಿ ಪ್ರತಿ ಕೊಡಿ.