ಕ್ಲಬ್ ಮಹೀಂದ್ರಾ 25 ವರ್ಷದ ಸದಸ್ಯತ್ವ: ಕೊಳ್ಳಬೇಕೇ, ಬಾಡಿಗೆ ರೂಮೇ ಸಾಕೇ?

ಮೊದಲಿಗೆ, ಕ್ಲಬ್ ಮಹೀಂದ್ರಾ ಎಂಬ ರೆಸಾರ್ಟ್ ಸರಣಿಯ ಈ ಸದಸ್ಯತ್ವ ನಿಮ್ಮ ಹೆಸರಿಗೆ ಖಾತೆಯಾಗುವ ಆಸ್ತಿಯಲ್ಲ. ವರ್ಷಕ್ಕೆ 7 ರಾತ್ರಿಯಂತೆ 25 ವರ್ಷ ರೆಸಾರ್ಟ್‌ಗಳಲ್ಲಿ ತಂಗುವ ಹಕ್ಕು, ಅಷ್ಟೇ. ಇಂಥದ್ದಕ್ಕೆ ಟೈಮ್‌ಶೇರ್ ಎನ್ನುತ್ತಾರೆ. ಹಾಗಾಗಿ ‘ಹೂಡಿಕೆ’ ಎಂಬ ಮಾತು ಯಾರ ಬಾಯಿಂದ ಬಂದರೂ ನಂಬಬೇಡಿ.

ಸೇಲ್ಸ್‌ನವರು ಒಟ್ಟು ಬೆಲೆಯನ್ನು 25ರಿಂದ ಭಾಗಿಸಿ ತೋರಿಸುತ್ತಾರೆ. ಆ ಲೆಕ್ಕದಲ್ಲಿ ಎರಡು ಬಾಬ್ತು ಬಿಟ್ಟುಹೋಗಿರುತ್ತವೆ: ಹಣದ ಬಡ್ಡಿ ಮತ್ತು ವಾರ್ಷಿಕ ಶುಲ್ಕ. ಉದಾಹರಣೆಗೆ, ತೆರಿಗೆ ಸೇರಿ 4 ಲಕ್ಷ ರೂಪಾಯಿ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಶೇ. 7ರ ಬಡ್ಡಿ ಹಿಡಿದು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 34,300 ರೂ. ಬೀಳುತ್ತದೆ. ವಾರ್ಷಿಕ ಶುಲ್ಕ 20,000 ರೂ. ಇದ್ದರೆ ಶೇ. 18 ಜಿಎಸ್‌ಟಿ ಸೇರಿ 23,600. ಒಟ್ಟು 57,900, ಏಳೂ ರಾತ್ರಿ ಬಳಸಿದರೆ ರಾತ್ರಿಗೆ ಸುಮಾರು 8,270 ರೂ., ನಾಲ್ಕೇ ರಾತ್ರಿ ಬಳಸಿದರೆ 14,500ರ ಹತ್ತಿರ. ಊಟ-ತಿಂಡಿ, ಪ್ರಯಾಣದ ಖರ್ಚು ಬೇರೆ. ನಿಮಗೆ ಹೇಳಿದ ಬೆಲೆ, ಶುಲ್ಕ ಹಾಕಿ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಶುಲ್ಕ ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟಾಗುತ್ತದೆ. ಹೋಗದ ವರ್ಷವೂ ಅದನ್ನು ಕಟ್ಟಲೇಬೇಕು. ಬಾಕಿ ಉಳಿದರೆ ಬುಕಿಂಗ್ ಸಿಗುವುದಿಲ್ಲ.

ಎರಡನೆಯ ಗಂಟು ಸೀಸನ್ನಿನದು. ಬೇಡಿಕೆಯ ಲೆಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಪರ್ಪಲ್, ರೆಡ್, ವೈಟ್, ಬ್ಲೂ ಎಂದು ನಾಲ್ಕು ಬಣ್ಣ. ಮೇಲಿನ ಬಣ್ಣದವರು ಕೆಳಗಿನ ಸೀಸನ್‌ನಲ್ಲೂ ಹೋಗಬಹುದು, ಕೆಳಗಿನವರಿಗೆ ಮೇಲಿನದು ತೆರೆಯುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ದಸರಾ, ಕ್ರಿಸ್‌ಮಸ್, ಏಪ್ರಿಲ್–ಮೇ ರಜೆಯೇ ಗತಿ. ಅಂಥವರು ಅಗ್ಗವೆಂದು ಬ್ಲೂ ಕೊಂಡರೆ ಮಳೆಗಾಲದಲ್ಲಿ ರೂಮು ಖಾಲಿ, ಮಕ್ಕಳಿಗೆ ರಜೆ ಇಲ್ಲ. ಸರಿಯಾದ ಬಣ್ಣವಿದ್ದರೂ ರೂಮು ಖಾತ್ರಿಯಲ್ಲ, ಎಲ್ಲರೂ ಕೇಳುವುದು ಅದೇ ವಾರಗಳನ್ನು. ಸಹಿಗೆ ಮುಂಚೆ ಒಂದು ಪರೀಕ್ಷೆ ಮಾಡಿ: ಈಗಾಗಲೇ ಸದಸ್ಯರಾಗಿರುವ ಪರಿಚಿತರ ಲಾಗಿನ್‌ನಲ್ಲಿ, ನೀವು ಕೊಳ್ಳಲಿರುವ ಬಣ್ಣ ಮತ್ತು ರೂಮಿನ ಅಳತೆಗೆ, ಮುಂದಿನ ರಜೆಯ ದಿನಾಂಕ ಹಾಕಿ ಮಡಿಕೇರಿ ಅಥವಾ ವಿರಾಜಪೇಟೆ ಹುಡುಕಿಸಿ. ಬಣ್ಣಬಣ್ಣದ ಪುಸ್ತಿಕೆಗಿಂತ ಆ ಪರದೆಯೇ ಹೆಚ್ಚು ಹೇಳುತ್ತದೆ. ಸ್ಟುಡಿಯೋ (ಒಂದೇ ಕೋಣೆಯ ಚಿಕ್ಕ ರೂಮು) ಕೊಳ್ಳುವವರು, ಕಂಪನಿಯವರು ಎಷ್ಟನೇ ವಯಸ್ಸಿನಿಂದ ಮಗುವನ್ನು ದೊಡ್ಡವರ ಲೆಕ್ಕಕ್ಕೆ ಹಿಡಿಯುತ್ತಾರೆ ಎಂದೂ ಕೇಳಿ. ಇವತ್ತು ಎಂಟು ವರ್ಷದ ಮಗು 25 ವರ್ಷ ಎಂಟರಲ್ಲೇ ಇರುವುದಿಲ್ಲ.

ಬಾಡಿಗೆಯ ದಾರಿಯನ್ನು ಬಹಳ ಜನ ನೋಡುವುದೇ ಇಲ್ಲ. ಈ ಕ್ಲಬ್ಬಿನದಾಗಲಿ, ಇಂಥದ್ದೇ ಇನ್ನೊಂದು ಕಂಪನಿ ಸ್ಟರ್ಲಿಂಗ್‌ನದಾಗಲಿ, ಎಷ್ಟೋ ರೆಸಾರ್ಟ್‌ಗಳಲ್ಲಿ ಸದಸ್ಯರಲ್ಲದವರಿಗೂ ದಿನದ ದರಕ್ಕೆ ರೂಮು ಕೊಡುತ್ತಾರೆ. ಎರಡು ವರ್ಷ ಹೀಗೇ ಹೋಗಿಬಂದು, ಕೊಟ್ಟ ದರವನ್ನು ಮೇಲಿನ ಲೆಕ್ಕದ ಪಕ್ಕ ಇಟ್ಟು ನೋಡುವುದು ನಮ್ಮ ಖಚಿತ ಸಲಹೆ. ಸದಸ್ಯರೊಬ್ಬರ ವಾರವನ್ನು ದುಡ್ಡು ಕೊಟ್ಟು ಪಡೆಯುವುದು ಬೇರೆ ವಿಷಯ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ ಚೆಕ್-ಇನ್ ಹೊತ್ತಿಗೆ ತೊಂದರೆ. ನಿಮ್ಮ ಹೆಸರೇ ಇರುವ ದೃಢೀಕರಣ ಪತ್ರ ಕೈಗೆ ಬರುವ ತನಕ ಹಣ ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ಸದಸ್ಯತ್ವ ಅಗ್ಗಕ್ಕೆ ಸಿಕ್ಕರೂ ಉಳಿದ ವರ್ಷಗಳಷ್ಟೇ ನಿಮ್ಮದು. ವರ್ಗಾವಣೆ ಶುಲ್ಕ ಎಷ್ಟು, ಹಳೆಯ ಬಾಕಿ ಇದೆಯೇ, ಹೊಸ ಮಾಲೀಕರಿಗೆ ಯಾವ ಸವಲತ್ತು ತಪ್ಪುತ್ತದೆ ಎಂಬುದನ್ನು ಕಂಪನಿಯಿಂದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮಾರುವವರಿಗೂ ಒಂದು ಎಚ್ಚರಿಕೆ: ‘ಗಿರಾಕಿ ಸಿದ್ಧ, ಎನ್‌ಒಸಿಗೆ ಮುಂಗಡ ಕಟ್ಟಿ’ ಎಂದು ಕರೆ ಬಂದರೆ ಅದು ಬಹುಪಾಲು ಮೋಸವೇ.

ಇನ್ನು ವಿನಿಮಯ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆರ್‌ಸಿಐ ಎಂಬ ಟೈಮ್‌ಶೇರ್ ವಿನಿಮಯ ಸಂಸ್ಥೆಯ ಮೂಲಕ ನಿಮ್ಮ ವಾರವನ್ನು ಜಮೆ ಮಾಡಿ ಹೊರದೇಶದ ರೆಸಾರ್ಟ್ ಪಡೆಯಬಹುದು. ಜಮೆ ಮಾಡಿದ ವಾರದ ತೂಕ ನಿಂತಿರುವುದು ಸೀಸನ್, ರೂಮಿನ ಅಳತೆ, ಬೇಡಿಕೆ, ಎಷ್ಟು ಮುಂಚೆ ಜಮೆ ಮಾಡಿದಿರಿ ಎಂಬುದರ ಮೇಲೆ. ಬ್ಲೂ ಸ್ಟುಡಿಯೋ ಇಟ್ಟು ಬೇಸಿಗೆ ರಜೆಯಲ್ಲಿ ಎರಡು ಬೆಡ್‌ರೂಮ್ ಕೇಳಿದರೆ ಸಿಗುವುದು ಕಷ್ಟ. ಪ್ರತಿ ವಿನಿಮಯಕ್ಕೂ ಶುಲ್ಕವಿದೆ. ಕೆಲವು ಹೊರದೇಶದ ರೆಸಾರ್ಟ್‌ಗಳು ಊಟ ಸೇರಿದ ಪ್ಯಾಕೇಜನ್ನು ಕಡ್ಡಾಯ ಮಾಡುತ್ತವೆ, ಸ್ಥಳೀಯ ತೆರಿಗೆಯೂ ಸೇರುತ್ತದೆ. ಇದನ್ನೆಲ್ಲ ಕೂಡಿ ಹೋಟೆಲ್ ದರದ ಜೊತೆ ಹೋಲಿಸಿದ ಮೇಲೆಯೇ ವಾರ ಜಮೆ ಮಾಡಿ. ವಿನಿಮಯದ ಆಸೆಗೆಂದೇ ಸದಸ್ಯತ್ವ ಕೊಳ್ಳುವುದು ತಪ್ಪು ಲೆಕ್ಕ.

ಹಾಗಾದರೆ ಯಾರಿಗೆ ಸರಿ? ಪ್ರತಿ ವರ್ಷ ಏಳೂ ರಾತ್ರಿ ತಪ್ಪದೆ ಬಳಸುವ, ತಿಂಗಳುಗಟ್ಟಲೆ ಮುಂಚೆ ರಜೆ ಗೊತ್ತುಮಾಡಬಲ್ಲ, ಸಾಲ ಮಾಡದೆ ಕೊಳ್ಳುವ ಮನೆಗೆ. ಅವರಿಗೆ ಅಡುಗೆಮನೆ ಇರುವ ದೊಡ್ಡ ಅಪಾರ್ಟ್‌ಮೆಂಟ್, ಮಕ್ಕಳ ಆಟಪಾಟ ನಿಜಕ್ಕೂ ಸುಖ ಕೊಡುತ್ತದೆ. ಇಎಂಐ ಬ್ಯಾಂಕ್ ಸಾಲದ ರೂಪದಲ್ಲಿದ್ದರೆ ಮಾತ್ರ ಜೋಪಾನ. ಸದಸ್ಯತ್ವ ರದ್ದಾದ ಮಾತ್ರಕ್ಕೆ ಸಾಲ ತಾನಾಗಿ ರದ್ದಾಗುವುದಿಲ್ಲ.

ಯುರೋಪಿನ ಒಕ್ಕೂಟದಲ್ಲಿ ಟೈಮ್‌ಶೇರ್ ಕೊಂಡವರಿಗೆ ಮನಸ್ಸು ಬದಲಾಯಿಸಲು ಕಾನೂನೇ 14 ದಿನ ಕೊಡುತ್ತದೆ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾನೂನಿಲ್ಲ, ಒಪ್ಪಂದದಲ್ಲಿ ಬರೆದಷ್ಟೇ ದಿನ. ಆದ್ದರಿಂದ ರದ್ದತಿಯ ಕಲಮನ್ನು ಸಹಿಗೆ ಮೊದಲೇ ಓದಿ, ಬಿಡುವುದಾದರೆ ಆ ಗಡುವಿನೊಳಗೆ ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ತಿಳಿಸಿ. ವ್ಯಾಜ್ಯವಾದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ; ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ.