ಸ್ಲೈಡಿಗೆ ಸೈ, ವಿಡಿಯೊಗೆ ಮೌನವ್ರತ: ನೇರ ಪ್ರಸ್ತುತಿ ತಂತ್ರಾಂಶದೊಂದಿಗೆ ದೀರ್ಘ ಒಡನಾಟ

ವೇದಿಕೆಯ ಹಿಂದಿನ ದೊಡ್ಡ ಪರದೆಯನ್ನು ನಡೆಸುವುದು ನನ್ನ ಕೆಲಸ. ವಿಚಾರ ಸಂಕಿರಣ, ಪದವಿ ಪ್ರದಾನ, ರಂಗಪ್ರಯೋಗ, ಯಾವುದಾದರೂ ಸರಿ. ಅದಕ್ಕಾಗಿ ಒಂದೇ ನೇರ ಪ್ರಸ್ತುತಿ ತಂತ್ರಾಂಶಕ್ಕೆ ವರ್ಷಗಳಿಂದ ಚಂದಾ ಕಟ್ಟುತ್ತಿದ್ದೇನೆ. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಾನು ಹೇಳಲಿರುವ ಕಾಯಿಲೆ ಅದರ ದಾಯಾದಿಗಳಿಗೂ ಇದೆ, ಮದ್ದೂ ಬಹುಮಟ್ಟಿಗೆ ಒಂದೇ. ಎಷ್ಟು ಪದರ, ಎಷ್ಟು ಪರದೆ, ಯಾವ ಯಾವ ಪರಿವರ್ತನೆ ಎಂಬ ಪಟ್ಟಿ ಅವರ ಜಾಹೀರಾತಿನಲ್ಲೇ ಉದ್ದಕ್ಕಿದೆ, ಓದಿಕೊಳ್ಳಿ. ಸ್ಲೈಡು, ಹೆಸರುಪಟ್ಟಿ, ಹಾಡಿನ ಸಾಲು, ಭಾಷಣಕಾರರಿಗೆ ಮಾತ್ರ ಕಾಣುವ ಗಡಿಯಾರ, ಇವುಗಳಲ್ಲಿ ಅದನ್ನು ದೂರುವಂತಿಲ್ಲ. ಕೊನೆಯ ಗಳಿಗೆಯಲ್ಲಿ ಅತಿಥಿಯ ಹೆಸರು ಬದಲಾದರೆ ಪರದೆಯ ಮೇಲೆ ಏನೂ ಅಲುಗದಂತೆ ತಿದ್ದಬಹುದು. ಕನ್ನಡದ ಒತ್ತಕ್ಷರಗಳೂ ಚೆದುರದೆ ನಿಲ್ಲುತ್ತವೆ.

ನನ್ನ ತಕರಾರು ವಿಡಿಯೊದ್ದು. ಇನ್ನೂ ನಿಖರವಾಗಿ ಹೇಳುವುದಾದರೆ, ವಿಡಿಯೊ ಓಡಿಸಲಾಗದಿದ್ದಾಗ ಈ ತಂತ್ರಾಂಶ ಬಾಯಿ ಬಿಡುವುದಿಲ್ಲ. ನನ್ನ ಕಡೆಯ ಕಿಟಕಿಯಲ್ಲಿ ಪುಟ್ಟ ಚಿತ್ರ ಕಾಣುತ್ತದೆ, ಪಟ್ಟಿ ಮುಂದಕ್ಕೆ ಸರಿಯುತ್ತದೆ, ಸೆಕೆಂಡುಗಳು ಉರುಳುತ್ತವೆ. ಸಭಿಕರ ಮುಂದೆ ಮಾತ್ರ ಅಮಾವಾಸ್ಯೆ. ಭಾಷಣಕಾರರು ತಿರುಗಿ ಪರದೆಯನ್ನು ನೋಡುತ್ತಾರೆ, ಆಮೇಲೆ ಸಭೆಯೆಲ್ಲ ತಿರುಗಿ ನನ್ನನ್ನು ನೋಡುತ್ತದೆ. ತಪ್ಪಿನ ಸೂಚನೆ, ಕೆಂಪು ಅಕ್ಷರ, ಯಾವುದೂ ಇಲ್ಲ. ಆಗಿದ್ದೇನು ಎಂದು ತಂತ್ರಾಂಶವನ್ನೇ ಕೇಳುವ ದಾರಿ ಇರಲಿಲ್ಲ.

ಕಾಲ ಕಳೆದಂತೆ ಕಪ್ಪಿನಲ್ಲೂ ಬಗೆಗಳಿವೆ ಎಂದು ತಿಳಿಯಿತು. ಧ್ವನಿ ಕೇಳುತ್ತಿದ್ದು ಚಿತ್ರ ಮಾತ್ರ ಇಲ್ಲದಿದ್ದರೆ ಮೊದಲ ಅನುಮಾನ ಕೋಡೆಕ್ ಮೇಲೆ, ಅಂದರೆ ವಿಡಿಯೊವನ್ನು ಅಡಕಮಾಡಿ ಮತ್ತೆ ಬಿಡಿಸುವ ವಿಧಾನದ ಮೇಲೆ. ಎಂಪಿ4 ಎಂಬುದು ಡಬ್ಬಿಯ ಹೆಸರು, ಒಳಗಿನ ತಿಂಡಿಯದಲ್ಲ. 2003ರಲ್ಲಿ ಬಂದ ಎಚ್.264 ಎಂಬ ಕೋಡೆಕ್ ಒಳಗಿದ್ದರೆ ಹೆಚ್ಚುಕಡಿಮೆ ಯಾವ ಯಂತ್ರವಾದರೂ ಬಿಡಿಸುತ್ತದೆ. ಅದರ ಉತ್ತರಾಧಿಕಾರಿ ಎಚ್‌ಇವಿಸಿ ಬಂದದ್ದು 2013ರಲ್ಲಿ. 2017ರಲ್ಲಿ ಐಒಎಸ್ 11ರೊಂದಿಗೆ ಹೊಸ ಐಫೋನ್‌ಗಳು ಅದರಲ್ಲೇ ಚಿತ್ರೀಕರಿಸತೊಡಗಿದವು, ಬೇರೆ ಫೋನುಗಳೂ ಆ ದಾರಿ ಹಿಡಿದವು. ವಿಂಡೋಸ್‌ನಲ್ಲಿ ಮಾತ್ರ ಅದನ್ನು ಬಿಡಿಸುವ ವಿಸ್ತರಣೆಯನ್ನು ಎಷ್ಟೋ ಯಂತ್ರಗಳಲ್ಲಿ ನಾವೇ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಸಂಘಟಕರು ಕೊನೆಯ ಕ್ಷಣದಲ್ಲಿ ತಂದುಕೊಡುವ ಫೋನಿನ ವಿಡಿಯೊ ಕಪ್ಪಾಗುವುದು ಹೆಚ್ಚಾಗಿ ಇಲ್ಲಿಯೇ.

ಆಗ ಎಲ್ಲರೂ ಹೇಳುವ ಮಾತೊಂದಿದೆ: "ವಿಎಲ್‌ಸಿಯಲ್ಲಿ ಚೆನ್ನಾಗಿಯೇ ಓಡುತ್ತದಲ್ಲ!" ಓಡದೆ ಏನು. 1996ರಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ವಿಡಿಯೊ ಪ್ಲೇಯರ್ ವಿಎಲ್‌ಸಿ ಕೋಡೆಕ್ ಬಿಡಿಸಲು ತನಗೆ ಬೇಕಾದ ಡಿಕೋಡರ್‌ಗಳನ್ನು ತನ್ನ ಜೊತೆಯಲ್ಲೇ ಹೊತ್ತು ತಿರುಗುತ್ತದೆ. ನನ್ನ ಪ್ರಸ್ತುತಿ ತಂತ್ರಾಂಶ ಆ ಕೆಲಸಕ್ಕೆ ಕಾರ್ಯಾಚರಣಾ ವ್ಯವಸ್ಥೆಯ ಮುಂದೆ ಕೈಯೊಡ್ಡುತ್ತದೆ. ಹಾಗಾಗಿ ವಿಎಲ್‌ಸಿಯ ಪರೀಕ್ಷೆ ಒಂದನ್ನೇ ಸಾಬೀತು ಮಾಡುತ್ತದೆ, ಫೈಲು ಕೆಟ್ಟಿಲ್ಲ ಎಂಬುದನ್ನು. ನಿಜವಾದ ಪರೀಕ್ಷೆ ಬೇಕಿದ್ದರೆ ವಿಂಡೋಸ್‌ನ ಸ್ವಂತ ಪ್ಲೇಯರ್‌ನಲ್ಲಿ, ಮ್ಯಾಕ್ ಆದರೆ ಕ್ವಿಕ್‌ಟೈಮ್‌ನಲ್ಲಿ ತೆರೆದು ನೋಡಬೇಕು. ಅಲ್ಲಿ ಓಡದ್ದು ಇಂಥ ತಂತ್ರಾಂಶದಲ್ಲಿ ಓಡುವ ಭರವಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಬಗೆಯ ಕಪ್ಪು ಎರಡು ಮೂರು ಸೆಕೆಂಡಿನದು. ಗುಂಡಿ ಒತ್ತಿದ ಮೇಲೆ ಮೌನ, ಆಮೇಲೆ ಏನೂ ಆಗದಂತೆ ವಿಡಿಯೊ ಶುರು. ಇದಕ್ಕೆ ಫೈಲು ಇರುವ ಜಾಗವೇ ಸಾಮಾನ್ಯ ಕಾರಣ. ಪೆನ್‌ಡ್ರೈವ್‌ನಿಂದ ನೇರವಾಗಿ ಓಡಿಸುವುದು, ಇಲ್ಲವೇ ಕ್ಲೌಡ್ ಜೊತೆ ಹೊಂದಿಸಿಟ್ಟ ಫೋಲ್ಡರ್‌ನಿಂದ ಓಡಿಸುವುದು. ಈ ಎರಡನೆಯದು ಮಹಾ ಮೋಸಗಾರ. ಫೈಲಿನ ಹೆಸರು ಕಾಣುತ್ತದೆ, ಗಾತ್ರವೂ ಕಾಣುತ್ತದೆ, ಆದರೆ ಡಿಸ್ಕಿನಲ್ಲಿ ಅದು ಇರುವುದೇ ಇಲ್ಲ. ತೆರೆದಾಗಲೇ ಅಂತರ್ಜಾಲದಿಂದ ಇಳಿಯಲು ಹೊರಡುತ್ತದೆ. ಸಭಾಂಗಣದ ವೈಫೈ ಹೇಗಿರುತ್ತದೆ ಎಂದು ಈ ಕೆಲಸ ಮಾಡುವವರಿಗೆ ಹೇಳಬೇಕಿಲ್ಲ.

ಇಷ್ಟನ್ನೆಲ್ಲ ನಾನು ಊಹೆಯ ಮೇಲೆ, ಒಂದೊಂದನ್ನೇ ತಳ್ಳಿಹಾಕುತ್ತ ಕಲಿತೆ. ಆದರೆ ನಿಜವಾಗಿ ಸಿಟ್ಟು ನೆತ್ತಿಗೇರಿದ್ದು ಬೇರೊಂದು ದಿನ. ಸಹಾಯ ವಿಭಾಗದವರಿಗೆ ಬರೆದಾಗ, ಇಂಥ ಫೋಲ್ಡರಿನಲ್ಲಿ ಲಾಗ್ ಫೈಲು ಇರುತ್ತದೆ, ಕಳುಹಿಸಿ ಎಂದರು. ಮಾಮೂಲಾಗಿ ಯಾರಿಗೂ ಕಾಣದಂತೆ ಅಡಗಿಸಿಟ್ಟ ಫೋಲ್ಡರ್ ಅದು. ಕಳುಹಿಸುವ ಮುನ್ನ ತೆರೆದು ನೋಡಿದರೆ ಎಲ್ಲವೂ ಅಲ್ಲಿದೆ! ಯಾವ ಫೈಲು, ಎಷ್ಟು ಗಂಟೆಗೆ, ಡಿಕೋಡರ್ ಸಿಗಲಿಲ್ಲ. ಗ್ರಾಫಿಕ್ಸ್ ಚಿಪ್ ಕೈಚೆಲ್ಲಿತು, ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬಿತ್ತು. ಇಷ್ಟು ಫ್ರೇಮ್‌ಗಳು, ಅಂದರೆ ವಿಡಿಯೊದ ಬಿಡಿ ಚಿತ್ರಗಳು, ಬಿಟ್ಟುಹೋದವು. ದಿನಚರಿ ಬರೆದಂತೆ ಸಾಲು ಸಾಲಾಗಿ. ನಾನು ಸಭೆಯ ಎದುರು ಬೆವರುತ್ತಿದ್ದಾಗ ತಂತ್ರಾಂಶಕ್ಕೆ ಕಾರಣ ಗೊತ್ತಿತ್ತು. ಬರೆದೂ ಇಟ್ಟುಕೊಂಡಿತ್ತು. ನನಗೆ ಹೇಳುವ ಮನಸ್ಸು ಮಾತ್ರ ಇರಲಿಲ್ಲ. ಆ ವರ್ಷದ ಚಂದಾ ಮುಗಿಯಲಿ, ಬೇರೆಯದಕ್ಕೆ ಹೋಗುತ್ತೇನೆ ಎಂದು ತೀರ್ಮಾನಿಸಿದ್ದೆ.

ಹೋಗಲಿಲ್ಲ. ಅದಕ್ಕೆ ಒಂದು ಕಾರಣ ಜೇಬು. ಹೊಸ ತಂತ್ರಾಂಶವೆಂದರೆ ಹೊಸ ಚಂದಾ, ಅದರ ಹಿಂದೆಯೇ ಹೊಸ ಯಂತ್ರ. ನನ್ನ ಲ್ಯಾಪ್‌ಟಾಪ್ ಹಳೆಯದು, ಅದನ್ನು ಬದಲಿಸುವ ಸ್ಥಿತಿಯಲ್ಲಿ ನಾನಿಲ್ಲ. ಇನ್ನೊಂದು ಕಾರಣ ಆ ಲಾಗ್ ಫೈಲೇ. ಅದನ್ನು ಓದುವ ಅಭ್ಯಾಸವಾದ ಮೇಲೆ ಬಗೆಹರಿಯದೆ ಉಳಿದಿದ್ದ ಗಂಟುಗಳು ಬಿಚ್ಚಿಕೊಂಡವು.

ಮೊದಲನೆಯದು ತಡವರಿಕೆ. ವಿಡಿಯೊ ಓಡುತ್ತದೆ, ಆದರೆ ನಡೆಯುವ ಮನುಷ್ಯ ಕುಂಟುತ್ತಾನೆ, ಕೊನೆಕೊನೆಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಫೋನಿನ ವಿಡಿಯೊ ಮತ್ತು ಪರದೆ ಮುದ್ರಣಗಳಲ್ಲಿ (ಸ್ಕ್ರೀನ್ ರೆಕಾರ್ಡಿಂಗ್) ಫ್ರೇಮ್ ದರ, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ, ಸ್ಥಿರವಾಗಿರುವುದಿಲ್ಲ. ಬೆಳಕು ಕಡಿಮೆಯಾದರೆ, ಯಂತ್ರದ ಮೇಲೆ ಹೊರೆ ಹೆಚ್ಚಿದರೆ ದರ ಏರಿಳಿಯುತ್ತದೆ. ಸಾಮಾನ್ಯ ಪ್ಲೇಯರ್‌ಗಳು ಅದನ್ನು ಸಹಿಸಿಕೊಳ್ಳುತ್ತವೆ. ಪದರಗಳನ್ನು ಒಂದರ ಮೇಲೊಂದು ಹೊಂದಿಸಿ ನಿಗದಿತ ಲಯದಲ್ಲಿ ಹೊರಹಾಕಬೇಕಾದ ಇಂಥ ತಂತ್ರಾಂಶಕ್ಕೆ ಅದು ಕಷ್ಟ. ಇದರ ಜೊತೆಗೆ ನನ್ನ ಲ್ಯಾಪ್‌ಟಾಪಿನ ಪರದೆ 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಮೂಡಿಸುವಂಥದ್ದು, ಪ್ರೊಜೆಕ್ಟರ್ 60. ನನ್ನದನ್ನೂ 60ಕ್ಕೆ ಇಳಿಸಿದ ಮೇಲೆ ಅರ್ಧ ತೊಂದರೆ ತಾನಾಗಿ ಹೋಯಿತು.

ಎರಡನೆಯದು ಎರಡು ಗ್ರಾಫಿಕ್ಸ್ ಚಿಪ್‌ಗಳ ಜಗಳ. ಪ್ರೊಸೆಸರ್ ಒಳಗೇ ಒಂದು, ಪ್ರತ್ಯೇಕವಾಗಿ ಇನ್ನೊಂದು. ತಂತ್ರಾಂಶ ಒಂದರ ಮೇಲೆ ಓಡುತ್ತಿದ್ದು, ಪ್ರೊಜೆಕ್ಟರಿಗೆ ಹೋಗುವ ಎಚ್‌ಡಿಎಂಐ ಕಿಂಡಿ ಇನ್ನೊಂದಕ್ಕೆ ಸೇರಿದ್ದರೆ ಪ್ರತಿ ಫ್ರೇಮನ್ನೂ ಆಚೆಯಿಂದ ಈಚೆಗೆ ಸಾಗಿಸಬೇಕು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಈ ತಂತ್ರಾಂಶಕ್ಕೆಂದೇ ಹೆಚ್ಚಿನ ಸಾಮರ್ಥ್ಯದ ಚಿಪ್ಪನ್ನು ಗೊತ್ತುಮಾಡಿಟ್ಟಿದ್ದೇನೆ. ಚಾರ್ಜರ್ ಸಿಕ್ಕಿಸದೆ ಕಾರ್ಯಕ್ರಮ ನಡೆಸುವುದಿಲ್ಲ. ಬ್ಯಾಟರಿಯ ಮೇಲಿದ್ದಾಗ ಯಂತ್ರ ತನ್ನ ಶಕ್ತಿಯನ್ನು ತಾನೇ ಕಡಿತಗೊಳಿಸುತ್ತದೆ.

ಮೂರನೆಯದು ನನಗೆ ಅತ್ಯಂತ ಇಷ್ಟವಾದ ಪತ್ತೇದಾರಿ. ಹಿನ್ನೆಲೆಯಲ್ಲಿ ಮತ್ತೆ ಮತ್ತೆ ಸುತ್ತುವ ವಿಡಿಯೊ, ಮೋಡವೋ ನೀರೋ, ಪ್ರತಿ ಸುತ್ತಿನ ಕೊನೆಯಲ್ಲಿ ಕಣ್ಣು ಮಿಟುಕಿಸುತ್ತಿತ್ತು. ಅಷ್ಟೇ, ಒಂದು ಮಿಟುಕು. ಬೇರೆಯವರಿಗೆ ಕಾಣುತ್ತಿತ್ತೋ ಇಲ್ಲವೋ, ನನಗೆ ಸಭೆಯಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಆ ವಿಡಿಯೊದೊಳಗೆ ಯಾರಿಗೂ ಬೇಡವಾದ ಖಾಲಿ ಧ್ವನಿಪಥವೊಂದಿತ್ತು. ಅದರ ಉದ್ದ ಚಿತ್ರದ ಉದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಚಿತ್ರ ಮುಗಿದರೂ ಧ್ವನಿ ಮುಗಿಯುವುದನ್ನು ತಂತ್ರಾಂಶ ಕಾಯುತ್ತಿತ್ತು. ಧ್ವನಿಪಥವನ್ನು ತೆಗೆದುಹಾಕಿದೆ, ಮಿಟುಕು ನಿಂತಿತು.

ಧ್ವನಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಪ್ರೊಜೆಕ್ಟರ್ ತಂತಿ ಸಿಕ್ಕಿಸಿದ ಕೂಡಲೇ ವಿಂಡೋಸ್ ಧ್ವನಿಯನ್ನೂ ಅದರ ಕಡೆಗೆ ತಿರುಗಿಸುವುದುಂಟು. ಹಲವು ಪ್ಲೇಯರ್‌ಗಳು ಧ್ವನಿಯ ಗಡಿಯಾರಕ್ಕೆ ಚಿತ್ರವನ್ನು ಕಟ್ಟಿರುತ್ತವೆ. ಆ ಧ್ವನಿ ಸಾಧನ ಮಧ್ಯದಲ್ಲಿ ಮಾಯವಾದರೆ ಚಿತ್ರವೂ ನಿಂತ ಜಾಗದಲ್ಲೇ ನಿಲ್ಲುತ್ತದೆ. ಎಲ್ಲ ತಂತಿಗಳನ್ನೂ ಸಿಕ್ಕಿಸಿ, ಪ್ರೊಜೆಕ್ಟರ್ ಬೆಳಗಿದ ಮೇಲೆಯೇ ತಂತ್ರಾಂಶವನ್ನು ತೆರೆಯಿರಿ.

ಈಗ ನನ್ನ ಹಿಂದಿನ ರಾತ್ರಿಯ ಪೂಜಾವಿಧಿ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ನನಗೆ ಪ್ರಿಯವಾದ ಭಾಗವೇ ಇದು. ಬಂದ ವಿಡಿಯೊಗಳನ್ನೆಲ್ಲ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗೆ ಇಳಿಸಿಕೊಳ್ಳುತ್ತೇನೆ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದನ್ನೇ ತೆರೆದು ಮೂರು ಸಾಲು ಓದುತ್ತೇನೆ: ಕೋಡೆಕ್ ಯಾವುದು, ಫ್ರೇಮ್ ದರ ಸ್ಥಿರವೋ ಚಂಚಲವೋ, ಬಣ್ಣ 8 ಬಿಟ್ಟೋ 10 ಬಿಟ್ಟೋ. ಒಳ್ಳೆಯ ಕ್ಯಾಮೆರಾಗಳಿಂದ ಬರುವ 10 ಬಿಟ್, 4:2:2 (ಬಣ್ಣದ ವಿವರವನ್ನು ಹೆಚ್ಚಾಗಿ ಉಳಿಸಿಕೊಳ್ಳುವ ಬಗೆ) ವಿಡಿಯೊಗಳನ್ನು ಬಿಡಿಸಲು ಬಹಳಷ್ಟು ಗ್ರಾಫಿಕ್ಸ್ ಚಿಪ್‌ಗಳಿಗೆ ಬಾರದು. ದುಬಾರಿ ಕ್ಯಾಮೆರಾದ ವಿಡಿಯೊ ಹಳೆಯ ಲ್ಯಾಪ್‌ಟಾಪಿನಲ್ಲಿ ಒದ್ದಾಡುವುದು ಅದಕ್ಕೇ.

ಆಮೇಲೆ ಎಲ್ಲವನ್ನೂ ಹ್ಯಾಂಡ್‌ಬ್ರೇಕ್‌ನ ಸಾಲಿನಲ್ಲಿ ನಿಲ್ಲಿಸುತ್ತೇನೆ. 2003ರಲ್ಲಿ ಶುರುವಾಗಿ 2016ರ ಕೊನೆಯಲ್ಲಷ್ಟೇ 1.0 ಎಂಬ ಸಂಖ್ಯೆ ತೊಟ್ಟ, ವಿಡಿಯೊಗಳನ್ನು ಬೇಕಾದ ಕೋಡೆಕ್ಕಿಗೆ ಬದಲಿಸಿಕೊಡುವ, ಉಚಿತವಾದ, ಅವಸರವಿಲ್ಲದ ತಂತ್ರಾಂಶ ಅದು. ಇಡೀ ಸಲಕರಣೆಯಲ್ಲಿ ನಾನು ಮನಸಾರೆ ಹೊಗಳಬಲ್ಲದ್ದು ಅದೊಂದನ್ನೇ. ಎಚ್.264, 8 ಬಿಟ್, 1080 ಸಾಲು, ಸ್ಥಿರ ಫ್ರೇಮ್ ದರ, ಗುಣಮಟ್ಟದ ಸಂಖ್ಯೆ 18ರಿಂದ 20, ಧ್ವನಿ ಎಎಸಿ 48 ಕಿಲೊಹರ್ಟ್ಸ್. ಮೂಲ 25 ಫ್ರೇಮಿನದಾದರೆ 25 ಆಗಿಯೇ ಬಿಡುತ್ತೇನೆ. 60 ಹರ್ಟ್ಸ್ ಪರದೆಯಲ್ಲಿ ಅದರ ಕೆಲವು ಫ್ರೇಮ್‌ಗಳು ಎರಡು ಸಲ, ಕೆಲವು ಮೂರು ಸಲ ಮೂಡಿ ಸ್ವಲ್ಪ ಅಲುಗಾಟ ಕಾಣುತ್ತದೆ ನಿಜ, ಆದರೆ ಬಲವಂತವಾಗಿ 30 ಮಾಡಿದರೆ ಆ ಅಲುಗಾಟ ಫೈಲಿನೊಳಗೇ ಶಾಶ್ವತವಾಗಿ ಕೂರುತ್ತದೆ. ಪ್ರೊಜೆಕ್ಟರ್ 50 ಹರ್ಟ್ಸ್ ಒಪ್ಪಿದರೆ ಅದೇ ಒಳ್ಳೆಯ ದಾರಿ.

ಹೆಚ್ಚುವರಿ ಆಯ್ಕೆಗಳ ಚೌಕದಲ್ಲಿ ಕೀಫ್ರೇಮ್ ಅಂತರವನ್ನೂ ಬರೆಯುತ್ತೇನೆ, ಸೆಕೆಂಡಿಗೊಂದು ಬರುವಂತೆ. ಕೀಫ್ರೇಮ್ ಎಂದರೆ ಬೇರೆ ಫ್ರೇಮುಗಳ ಹಂಗಿಲ್ಲದೆ ಪೂರ್ತಿಯಾಗಿ ಉಳಿಸಿಟ್ಟ ಚಿತ್ರ. ಎಚ್.264 ವಿಡಿಯೊ ತಯಾರಿಸುವ ಎಕ್ಸ್264 ಎನ್‌ಕೋಡರನ್ನು ಅದರ ಪಾಡಿಗೆ ಬಿಟ್ಟರೆ ಎರಡು ಕೀಫ್ರೇಮ್‌ಗಳ ನಡುವೆ 250 ಫ್ರೇಮ್‌ಗಳವರೆಗೂ ಹೋಗಬಹುದು, ಅಂದರೆ 30ರ ದರದಲ್ಲಿ ಎಂಟು ಸೆಕೆಂಡಿಗೂ ಹೆಚ್ಚು. ಭಾಷಣಕಾರರು "ಸ್ವಲ್ಪ ಹಿಂದಕ್ಕೆ ಹೋಗಿ" ಎಂದಾಗ ಯಂತ್ರ ಹಿಂದಿನ ಕೀಫ್ರೇಮ್‌ವರೆಗೆ ಓಡಿ, ಅಲ್ಲಿಂದ ಪ್ರತಿಯೊಂದನ್ನೂ ಬಿಡಿಸುತ್ತ ಬರಬೇಕು. ಸೆಕೆಂಡಿಗೊಂದಿದ್ದರೆ ಗುಂಡಿ ಒತ್ತಿದ ಜಾಗಕ್ಕೆ ಥಟ್ಟನೆ ಹೋಗುತ್ತದೆ. ಫೈಲು ತುಸು ದಪ್ಪವಾಗುತ್ತದೆ, ಆಗಲಿ.

ಬೆಳಿಗ್ಗೆ ಎದ್ದಾಗ ಸಾಲು ಮುಗಿದಿರುತ್ತದೆ. ಫೈಲುಗಳಿಗೆ 01, 02 ಎಂದು ಸಂಖ್ಯೆ ಕೊಟ್ಟು ಹೆಸರಿಡುತ್ತೇನೆ. ಪ್ರತಿಯೊಂದರ ಮೊದಲ ಐದು ಸೆಕೆಂಡು, ಕೊನೆಯ ಐದು ಸೆಕೆಂಡು ನೋಡುತ್ತೇನೆ, ಅದೂ ಸಭಾಂಗಣದಲ್ಲಿ, ಅದೇ ತಂತಿ, ಅದೇ ಪ್ರೊಜೆಕ್ಟರ್‌ನಲ್ಲಿ. ಮೇಜಿನ ಮೇಲೆ ಚೆನ್ನಾಗಿ ಓಡಿದ್ದು ಅಲ್ಲೂ ಓಡುತ್ತದೆ ಎಂದು ನಂಬುವ ಕಾಲ ಹೋಯಿತು.

ಇತ್ತೀಚಿನ ಆವೃತ್ತಿಯಲ್ಲಿ ತಯಾರಕರಿಗೂ ಸ್ವಲ್ಪ ಕರುಣೆ ಬಂದಂತಿದೆ. ಮಾಧ್ಯಮ ಪಟ್ಟಿಯಲ್ಲಿ ತೊಂದರೆಯ ವಿಡಿಯೊ ಪಕ್ಕದಲ್ಲಿ ಈಗ ಹಳದಿ ಗುರುತು ಮೂಡುತ್ತದೆ, ಅದರ ಮೇಲೆ ಒತ್ತಿದರೆ ಕಾರಣ ಒಂದು ಸಾಲಿನಲ್ಲಿ ಕಾಣುತ್ತದೆ. ಲಾಗ್ ಫೈಲಿನಲ್ಲಿ ಹೂತಿದ್ದ ಅದೇ ಸಾಲು. ಮೊದಲ ಸಲ ಕಂಡಾಗ ಅದನ್ನು ಒತ್ತಿ ಒತ್ತಿ ಓದಿದೆ. ವಿಡಿಯೊ ಮುಗಿದಾಗ ಕಪ್ಪಾಗುವ ಬದಲು ಕೊನೆಯ ಫ್ರೇಮನ್ನೇ ಹಿಡಿದು, ಅಲ್ಲಿಂದ ಮುಂದಿನ ಸ್ಲೈಡಿಗೆ ನವಿರಾಗಿ ಕರಗುವ ಆಯ್ಕೆಯೂ ಬಂದಿದೆ. ಇದನ್ನು ಮಾತ್ರ ಬಾಯ್ತುಂಬ ಹೊಗಳುತ್ತೇನೆ. ನಿರೂಪಕರು ಮಾತು ಎತ್ತಿಕೊಳ್ಳುವವರೆಗೆ ಪರದೆ ಬರಿದಾಗುವುದಿಲ್ಲ, ನನ್ನ ಬೆರಳಿಗೂ ಅವಸರವಿಲ್ಲ.

ಆದರೂ ಹಳದಿ ಗುರುತಿಗೆ ಎಲ್ಲವೂ ಕಾಣುವುದಿಲ್ಲ. ಕ್ಲೌಡ್ ಫೋಲ್ಡರಿನ ಖೊಟ್ಟಿ ಫೈಲನ್ನು ಅದು ಇಂದಿಗೂ ಸರಿಯೆಂದೇ ಬಿಡುತ್ತದೆ. ಚಂಚಲ ಫ್ರೇಮ್ ದರದ ಬಗ್ಗೆ ಚಕಾರವಿಲ್ಲ. ಸುತ್ತುವ ವಿಡಿಯೊದ ಧ್ವನಿಪಥವೂ ಅದರ ಕಣ್ಣಿಗೆ ಬೀಳದು.

ನಿಮ್ಮ ವಿಡಿಯೊಗಳನ್ನು ನೀವೇ ತಯಾರಿಸುವವರಾದರೆ, ಇಲ್ಲವೇ ಹಿಂದಿನ ದಿನವೇ ನಿಮ್ಮ ಕೈಗೆ ಬರುವಂತಿದ್ದರೆ ಇದನ್ನು ಧೈರ್ಯವಾಗಿ ಕೊಳ್ಳಿ. ಬಾಗಿಲಲ್ಲಿ ಪೆನ್‌ಡ್ರೈವ್ ಹಿಡಿದು ನಿಲ್ಲುವ ಅತಿಥಿಗಳೇ ನಿಮ್ಮ ಪಾಲಿಗಿದ್ದರೆ ಪಕ್ಕದಲ್ಲಿ ವಿಎಲ್‌ಸಿ ಇರುವ ಎರಡನೆಯ ಲ್ಯಾಪ್‌ಟಾಪನ್ನೂ, ಎರಡರ ನಡುವೆ ಬದಲಾಯಿಸುವ ಎಚ್‌ಡಿಎಂಐ ಸ್ವಿಚ್ಚನ್ನೂ ಇಟ್ಟುಕೊಳ್ಳಿ. ನಾನು ಹಾಗೆಯೇ ಮಾಡಿದ್ದೇನೆ. ಚಂದಾವನ್ನು ಈ ಸಲವೂ ನವೀಕರಿಸಿದೆ, ಆದರೆ ಕೆಳಗಿನ ದರ್ಜೆಗೆ ಇಳಿದು. ಮೇಲಿನ ದರ್ಜೆಯಲ್ಲಿ ಸಿಗುವ ಹೆಚ್ಚಿನ ಪರದೆಗಳು ನನಗೆ ಬೇಕಿಲ್ಲ. ಐದರಲ್ಲಿ ಮೂರೂವರೆ ನಕ್ಷತ್ರ. ಹಳದಿ ಗುರುತು ಬರುವ ಮುಂಚೆ ಕೇಳಿದ್ದರೆ ಎರಡು ಕೊಡುತ್ತಿದ್ದೆ.