ಮಾಂಟೆರೆಯ ತಣ್ಣೀರಿಗೆ ವೆಟ್‌ಸೂಟೋ, ಡ್ರೈಸೂಟೋ?

ನನ್ನ ವೋಟು ಡ್ರೈಸೂಟ್‌ಗೆ, ಅಂದರೆ ಮೈಗೆ ನೀರು ತಾಗದ ಡೈವಿಂಗ್ ಸೂಟಿಗೆ. ಅದೂ ಸೆಕೆಂಡ್‌ಹ್ಯಾಂಡ್ ಡ್ರೈಸೂಟ್‌ಗೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಡೈವಿಂಗ್ ಕಲಿಯಲು ಹೊರಟ ಬೇ ಏರಿಯಾದ ನಮ್ಮ ಕನ್ನಡದವರು ಕೇಳುತ್ತಿರುತ್ತಾರೆ, "ಬಾಡಿಗೆ ವೆಟ್‌ಸೂಟ್ ಸಾಕಾಗಲ್ವಾ?" ಅಂತ. ವೆಟ್‌ಸೂಟ್ ಅಂದರೆ ಒಳಗೆ ನೀರು ಬರುವ ರಬ್ಬರ್ ಸೂಟು. ಮೊದಲ ಡೈವ್‌ಗೆ ಅದು ಸಾಕು. ನನ್ನ ತಕರಾರೆಲ್ಲ ಅದೇ ದಿನದ ಎರಡನೇ ಡೈವ್ ಬಗ್ಗೆ.

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ತೆಳು ಸೂಟಿನಲ್ಲೇ ನೀರಿಗಿಳಿದು ಬಂದವರಿಗೆ ಇಲ್ಲಿನ ಲೆಕ್ಕ ಬೇರೆ. ಮಾಂಟೆರೆಯಲ್ಲಿ ವರ್ಷವಿಡೀ ನೀರು ಹೆಚ್ಚುಕಡಿಮೆ 10ರಿಂದ 15 ಡಿಗ್ರಿ. ವಸಂತದಲ್ಲಿ ಶುರುವಾಗುವ ವಾಯವ್ಯ ಗಾಳಿ ಮೇಲಿನ ನೀರನ್ನು ದಡದಿಂದಾಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಅದರಲ್ಲಿರುವ ಪೋಷಕಾಂಶದಿಂದ ಪ್ಲಾಂಕ್ಟನ್ ಅನ್ನುವ ತೇಲುವ ಸೂಕ್ಷ್ಮಜೀವಿಗಳು ಬೆಳೆದು ನೀರು ಹಸಿರಾಗಿ ಮಬ್ಬಾಗುತ್ತದೆ. ಚಳಿಗೂ ಮಬ್ಬಿಗೂ ಕಾರಣ ಒಂದೇ. ಕಲಿಯುವವರು ಇಳಿಯುವ ಸ್ಯಾನ್ ಕಾರ್ಲೋಸ್ ಬೀಚ್‌ನ ಬ್ರೇಕ್‌ವಾಟರ್‌ನಲ್ಲಿ (ಅಲೆ ತಡೆಯುವ ಕಲ್ಲುಗೋಡೆಯ ಬಳಿ) ತಳದಲ್ಲಿ ಮರಳು ಬೇರೆ. ಮುಂದಿದ್ದ ಇನ್ನೊಂದು ಕ್ಲಾಸಿನವರು ಜೋರಾಗಿ ಕಾಲಾಡಿಸಿದರೆ ಮುಗೀತು, ಉಳಿದ ಗಾಳಿ ತೋರಿಸುವ, ಕೈಯಲ್ಲಿರುವ ಗೇಜನ್ನು ಮಾಸ್ಕ್ ಹತ್ತಿರ ತಂದು ಓದಬೇಕು.

ನಾನು ಕಲಿತದ್ದು ಬಾಡಿಗೆಯ 7 ಮಿಲಿಮೀಟರ್ ವೆಟ್‌ಸೂಟಿನಲ್ಲಿ, ಒಳಗೊಂದು ಟೋಪಿ ಇರುವ ವೆಸ್ಟ್ ಹಾಕಿಕೊಂಡು. ಆ ಸೂಟಿನೊಳಗೆ ಹಿಂದೆ ಯಾರ್ಯಾರು ಏನೇನು ಮಾಡಿದ್ದರು ಅಂತ ಯೋಚಿಸಲು ಹೋಗಬಾರದು. ಅದರ ರಬ್ಬರಿನ ತುಂಬ ಸಣ್ಣ ಗಾಳಿಗುಳ್ಳೆಗಳು. ಬೆಚ್ಚಗಿಡುವುದೇ ಅವು. ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ, ಗುಳ್ಳೆ ಕುಗ್ಗುತ್ತದೆ, ಸೂಟು ತೆಳುವಾಗುತ್ತದೆ. ನೀರು ಇನ್ನೂ ತಣ್ಣಗಾಗುವ ಕಡೆಯಲ್ಲೇ ಸೂಟಿನ ಬಿಸಿ ಕಮ್ಮಿ.

ಆದರೂ ಮೊದಲ ಡೈವ್ ಹೇಗೋ ಮುಗಿಯುತ್ತದೆ. ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ಒಂದು ಗಂಟೆ ಒದ್ದೆ ಸೂಟಿನಲ್ಲಿ ನಿಲ್ಲಬೇಕು. ಸಮುದ್ರದ ಗಾಳಿ ಮೈಮೇಲಿನ ನೀರನ್ನು ಆರಿಸುತ್ತಾ ಇರುವ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಫ್ಲಾಸ್ಕಿನ ಕಾಫಿ ಗಂಟಲು ಬಿಟ್ಟು ಕೆಳಗೆ ಏನೂ ಮಾಡುವುದಿಲ್ಲ. ಅರ್ಧ ಬಿಚ್ಚಿದ ಸೂಟನ್ನು ಮತ್ತೆ ತೋಳಿಗೆ ಏರಿಸಿಕೊಂಡು ಎರಡನೇ ಸಲ ಇಳಿಯುವಾಗ ಮೈ ಆಗಲೇ ಸೋತಿರುತ್ತದೆ. ನಡುಕವನ್ನಾದರೂ ತಡೆದುಕೊಳ್ಳಬಹುದು. ತಲೆ ಓಡುವುದಿಲ್ಲವಲ್ಲ, ಅದು ಕಷ್ಟ. ಮಬ್ಬು ನೀರಿನಲ್ಲಿ ಜೊತೆಗಾರರ ಟಾರ್ಚ್, ದಿಕ್ಸೂಚಿ, ಆಳ, ಸಿಲಿಂಡರಿನಲ್ಲಿ ಉಳಿದ ಗಾಳಿ, ಎಲ್ಲದರ ಮೇಲೂ ಕಣ್ಣಿಟ್ಟಿರಬೇಕು. ಚಳಿ ಹಿಡಿದ ಮೇಲೆ ನಾನು ಗೇಜ್ ನೋಡುತ್ತಿದ್ದೆ, ಮುಳ್ಳು ಎಲ್ಲಿತ್ತು ಅನ್ನುವುದು ತಲೆಗೆ ಹೋಗುತ್ತಿರಲಿಲ್ಲ. ಮತ್ತೆ ನೋಡಬೇಕಾಗುತ್ತಿತ್ತು.

ಡ್ರೈಸೂಟಿನಲ್ಲಿ ಒಳಗೆ ಥರ್ಮಲ್ ಬಟ್ಟೆ, ಹೊರಗೆ ನೀರು ಬಿಡದ ಪದರ. ಎರಡನೇ ಡೈವ್‌ಗೂ ಒಣ ಮೈಯಲ್ಲೇ ಇಳಿಯುತ್ತೇನೆ. ಇದೊಂದೇ ಸಾಕು ನನಗೆ.

ಆದರೆ ಮಣಿಕಟ್ಟಿನ ಸೀಲ್ ನನ್ನನ್ನು ಆಡಿಸಿದ ಆಟ ಅಷ್ಟಿಷ್ಟಲ್ಲ. ಕುತ್ತಿಗೆಯಲ್ಲಿ, ಎರಡೂ ಮಣಿಕಟ್ಟಿನಲ್ಲಿ ತೆಳು ಲೇಟೆಕ್ಸ್ ಪಟ್ಟಿ ಚರ್ಮಕ್ಕೆ ಅಂಟಿಕೊಂಡು ನೀರನ್ನು ತಡೆಯಬೇಕು. ನನ್ನದು ಸಣಕಲು ಕೈ. ನೀವೀಗ ಮುಷ್ಟಿ ಬಿಗಿಹಿಡಿದು ಮಣಿಕಟ್ಟಿನ ಒಳಭಾಗ ನೋಡಿಕೊಳ್ಳಿ. ಎರಡು ಸ್ನಾಯುರಜ್ಜು (ಟೆಂಡನ್) ಎದ್ದು ನಿಲ್ಲುತ್ತವೆ, ನಡುವೆ ಕಾಲುವೆಯ ಹಾಗೆ ತಗ್ಗು. ನೀರು ನುಗ್ಗುವುದು ಅಲ್ಲಿಂದಲೇ. ಮಬ್ಬು ನೀರಿನಲ್ಲಿ ಟಾರ್ಚ್ ಬಿಡುವಂತಿಲ್ಲ, ಟಾರ್ಚ್ ಹಿಡಿದರೆ ಮುಷ್ಟಿ ಬಿಗಿಯುತ್ತದೆ, ಮುಷ್ಟಿ ಬಿಗಿದರೆ ತೋಳು ಮೊಣಕೈವರೆಗೆ ಒದ್ದೆ. ಬಲಗೈ ಮಾತ್ರ. ಎಡಗೈ ಆರಾಮಾಗಿ ಒಣಗಿರುತ್ತಿತ್ತು.

ಸೀಲ್ ತೂತಾಗಿದೆ ಅಂತ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿದೆ. ಏನೂ ಇರಲಿಲ್ಲ. ಅಂಗಡಿಯವರೊಬ್ಬರು ಹೊಸ ಸೀಲ್ ಹಾಕಿಕೊಟ್ಟು ದುಡ್ಡು ಎಣಿಸಿಕೊಂಡರು, ಸೋರುವುದು ನಿಲ್ಲಲಿಲ್ಲ. ಕೊನೆಗೆ ಎರಡು ಕೆಲಸ ಫಲ ಕೊಟ್ಟವು. ಸೀಲನ್ನು ಮಣಿಕಟ್ಟಿನ ಗಂಟಿಗಿಂತ ಮೇಲಕ್ಕೆ, ಸ್ನಾಯುರಜ್ಜು ಅಷ್ಟಾಗಿ ಎದ್ದುಕಾಣದ ಕಡೆ ಎಳೆದುಕೊಂಡೆ. ಟಾರ್ಚಿಗೆ ಗುಡ್‌ಮನ್ ಹ್ಯಾಂಡಲ್ ತಗೊಂಡೆ. ಅದು ಅಂಗೈಗೆ ಅಡ್ಡಲಾಗಿ ಕೂರುತ್ತದೆ, ಬೆಳಕು ಕೈಯ ಹಿಂಭಾಗದಿಂದ ಬೀಳುತ್ತದೆ, ಬೆರಳು ಬಿಚ್ಚಿಯೇ ಇರಬಹುದು. ಸೋರಿಕೆ ಅಲ್ಲಿಗೆ ಮುಗಿಯಿತು.

ಹೆಂಗಸರಿಗೆ ಇನ್ನೊಂದು ಮಾತು. ಕುತ್ತಿಗೆಯ ಸೀಲಿನ ಕೆಳಗೆ ಒಂದು ಎಳೆ ಕೂದಲು ಸಿಕ್ಕಿಕೊಂಡರೂ ನೀರು ಬೆನ್ನಿಗಿಳಿಯುತ್ತದೆ. ಜಡೆ ಎತ್ತಿ ಕಟ್ಟಿ. ತಲೆಗೆ ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಎಣ್ಣೆ ಲೇಟೆಕ್ಸನ್ನು ಹಾಳುಮಾಡುತ್ತದೆ. ಬಳೆ, ಉದ್ದ ಉಗುರು ಎರಡೂ ಸೀಲ್ ಹರಿಯುತ್ತವೆ.

ಕಲಿಯುವವರಿಗೆ ಡ್ರೈಸೂಟ್ ಅಪಾಯ ಅನ್ನುವವರ ಮಾತಿನಲ್ಲಿ ಹುರುಳಿದೆ. ನೀವು ಮೇಲೇರುವಾಗ ಸೂಟಿನೊಳಗಿನ ಗಾಳಿ ಹಿಗ್ಗಿ ನಿಮ್ಮನ್ನು ಇನ್ನೂ ಮೇಲಕ್ಕೆ ಎಳೆಯುತ್ತದೆ. ತಲೆಕೆಳಗಾದರೆ ಅದು ಕಾಲಿನ ಕಡೆ ಓಡುತ್ತದೆ, ತೋಳಿನ ವಾಲ್ವಿನಿಂದ ಹೊರಗೆ ಬಿಡಲು ಆಗುವುದಿಲ್ಲ. ಸುತ್ತಲೂ ಬರೀ ಹಸಿರಾದರೆ ಮೇಲೇರುತ್ತಿದ್ದೀರಿ ಅಂತ ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಮೊದಲು ಈಜುಕೊಳದಲ್ಲಿ ಟೀಚರ್ ಮುಂದೆ ಅಭ್ಯಾಸ ಮಾಡಬೇಕು. ಹಾಗಂತ ವೆಟ್‌ಸೂಟು ಸಾಧು ಪ್ರಾಣಿಯೇನಲ್ಲ. ಆಳದಲ್ಲಿ ಕುಗ್ಗಿದ ಆ ದಪ್ಪ ರಬ್ಬರ್ ಮೇಲೆ ಬರುತ್ತಾ ಮತ್ತೆ ಉಬ್ಬಿ ನಿಮ್ಮನ್ನು ಎತ್ತುತ್ತದೆ.

ನೀರೊಳಗೆ ಮಾಸ್ಕ್ ತೆಗೆದು ಹಾಕುವ ಪರೀಕ್ಷೆಯಲ್ಲಿ ಯಾವ ಸೂಟೂ ಉಪಯೋಗಕ್ಕೆ ಬರಲ್ಲ. ಮುಖಕ್ಕೆ ತಣ್ಣೀರು ತಗುಲಿದ ಕೂಡಲೇ ಉಸಿರು ಹಿಡಿದುಕೊಳ್ಳುತ್ತದೆ. ಇಳಿಯುವ ಮೊದಲೇ ಮಾಸ್ಕ್ ಇಲ್ಲದೆ ಮುಖ ನೀರಿಗಿಟ್ಟು ರೆಗ್ಯುಲೇಟರಿನಲ್ಲಿ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಉಸಿರಾಡಿ ನೋಡಿ.

ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಡ್ರೈಸೂಟಿಗೆ ಜಾಸ್ತಿ ಬೇಕು. ಬ್ರೇಕ್‌ವಾಟರಿನ ಮೆಟ್ಟಿಲು ಹತ್ತುವಾಗ ಮಂಡಿ ಬೈಯುತ್ತದೆ. ಬೆಳಿಗ್ಗೆ ಕಾಫಿ ಜಾಸ್ತಿ ಕುಡಿಯುವವರಿಗೆ ವೆಟ್‌ಸೂಟೇ ಅನುಕೂಲ, ಕಾರಣ ಬಿಡಿಸಿ ಹೇಳಬೇಕಿಲ್ಲ. ವೆಟ್‌ಸೂಟಿನಂಥದ್ದೇ ರಬ್ಬರಿನ ನಿಯೋಪ್ರೀನ್ ಡ್ರೈಸೂಟನ್ನೂ ಒಮ್ಮೆ ಹಾಕಿ ನೋಡಿದೆ. ಬೆಚ್ಚಗಿತ್ತು, ಆದರೆ ಒಣಗಿಸಲು ನಮ್ಮ ಅಪಾರ್ಟ್‌ಮೆಂಟಿನ ಬಾತ್‌ರೂಮ್ ಸಾಲದು.

ಹೊಸ ಡ್ರೈಸೂಟ್ ಸಾಮಾನ್ಯವಾಗಿ ಸಾವಿರ ಡಾಲರ್ ದಾಟುತ್ತದೆ. ವರ್ಷಕ್ಕೊಮ್ಮೆ ಇಳಿಯುವವರು ಸುಮ್ನೆ ವೆಟ್‌ಸೂಟ್ ಬಾಡಿಗೆಗೆ ತಗೊಳ್ಳಿ. ನಾನು ಸ್ಯಾನ್ ಹೋಸೆಯಿಂದ ಒಂದು ಗಂಟೆಗೂ ಹೆಚ್ಚು ಕಾರು ಓಡಿಸಿಕೊಂಡು ಹೋಗುವವಳು. ಅಷ್ಟು ದೂರ ಹೋಗಿ ಒಂದೇ ಡೈವ್ ಮಾಡಿ ಬಂದರೆ ಪೆಟ್ರೋಲಿನ ದುಡ್ಡು ನೆನೆದು ಹೊಟ್ಟೆ ಉರಿಯುತ್ತದೆ. ಹಾಗಾಗಿ ಹಳೆಯದೊಂದನ್ನು ಹುಡುಕಿ ಕೊಂಡೆ. ನೀವೂ ಹಳೆಯದು ನೋಡುವುದಾದರೆ ಜಿಪ್ಪನ್ನು ಉದ್ದಕ್ಕೂ ಬಗ್ಗಿಸಿ ಪರೀಕ್ಷಿಸಿ. ಸೀಲ್ ಹೋಗಿದ್ದರೆ ಬೆಲೆ ಇಳಿಸಿ ಕೇಳಿ. ಜಿಪ್ ಹೋಗಿದ್ದರೆ ಅಲ್ಲೇ ಬಿಟ್ಟು ಬನ್ನಿ.